ಕೋಳಿಯ ಹೊಟ್ಟೆ ತುಂಬಿದೆ, ಮೊಟ್ಟೆಯ ಬುಟ್ಟಿ ಯಾಕೆ ಖಾಲಿ?

(ಬೆಂಗಳೂರಿನಲ್ಲಿ ಹಿತ್ತಲು, ತಾರಸಿಗಳಲ್ಲಿ ಕೋಳಿ ಸಾಕುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ನಾಲ್ಕೈದು ಕೋಳಿ ಸಾಕಿದವರು ಕೇಳುವ ಪ್ರಶ್ನೆ ಬಹುತೇಕ ಒಂದೇ. "ಹೊಟ್ಟೆ ತುಂಬ ಹಾಕ್ತೀವಿ, ಬೆಳಿಗ್ಗೆ ಅಕ್ಕಿ, ಮಧ್ಯಾಹ್ನ ಉಳಿದ ಅನ್ನ, ಸಾಯಂಕಾಲ ರಾಗಿ. ಆದರೂ ವಾರಕ್ಕೆ ಎರಡೇ ಮೊಟ್ಟೆ, ಅದೂ ಹಿಡಿದರೆ ಒಡೆಯುವ ಹಾಗಿದೆ, ಯಾಕೆ?" ಪ್ರಶ್ನೆಯಲ್ಲೇ ಉತ್ತರ ಇದೆ. ಅಕ್ಕಿ, ಅನ್ನ, ರಾಗಿ ಮೂರೂ ಕೋಳಿಯ ಹೊಟ್ಟೆ ತುಂಬಿಸುತ್ತವೆ. ಮೊಟ್ಟೆ ತುಂಬಿಸುವ ಸಾಮಾನು ಮೂರರಲ್ಲೂ ಕಡಿಮೆ. ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ವ್ಯತ್ಯಾಸದ ಬಗ್ಗೆಯೇ.

ಮೊದಲು ಮೊಟ್ಟೆಯನ್ನೇ ನೋಡೋಣ. 55 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸುಮಾರು ಆರೂವರೆ ಗ್ರಾಂ ಪ್ರೋಟೀನ್ ಇರುತ್ತದೆ. ಚಿಪ್ಪಿನ ತೂಕ ಐದೂವರೆ ಗ್ರಾಂ ಆಸುಪಾಸು. ಆ ಚಿಪ್ಪಿನ ನೂರರಲ್ಲಿ 94 ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತುವೇ. ಅದರಲ್ಲಿ ಬರೀ ಕ್ಯಾಲ್ಸಿಯಂ ಲೆಕ್ಕ ಹಾಕಿದರೆ ಎರಡು ಗ್ರಾಂ. ಒಂದೂವರೆ, ಎರಡು ಕೆ.ಜಿ. ತೂಗುವ ಜೀವ ದಿನವೊಂದಕ್ಕೆ ಎರಡು ಗ್ರಾಂ ಕ್ಯಾಲ್ಸಿಯಂ ಅನ್ನು ಮೈಯಿಂದ ಹೊರಗೆ ಹಾಕುತ್ತದೆ. ಅಷ್ಟನ್ನೂ ಅದು ತಿಂದೇ ಗಳಿಸಬೇಕು.

ಇದು ನಡೆಯುವ ಹೊತ್ತು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಹಳದಿ ಭಾಗ ಭರದಿಂದ ಬೆಳೆಯುವುದು ಕೊನೆಯ ಏಳರಿಂದ ಹತ್ತು ದಿನಗಳಲ್ಲಿ. ಬೆಳೆದ ಹಳದಿ ಅಂಡಾಶಯದಿಂದ ಕಳಚಿಕೊಂಡು ನಾಳಕ್ಕೆ ಬಿದ್ದ ಮೇಲೆ ಸುಮಾರು ಮೂರು ಗಂಟೆ ಅದಕ್ಕೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆಯಲ್ಲಿ ಒಳಗಿನ ತೆಳು ಪೊರೆ. ಉಳಿದ 18ರಿಂದ 20 ಗಂಟೆ ಮೊಟ್ಟೆ ಚಿಪ್ಪಿನ ಕೋಣೆಯಲ್ಲೇ ಇರುತ್ತದೆ. ಎಲ್ಲ ಸೇರಿ 24ರಿಂದ 26 ಗಂಟೆ. ಬೆಳಿಗ್ಗೆ ಎಂಟಕ್ಕೋ ಹತ್ತಕ್ಕೋ ಮೊಟ್ಟೆ ಇಟ್ಟ ಕೋಳಿಯ ಮುಂದಿನ ಮೊಟ್ಟೆಗೆ ಚಿಪ್ಪು ಗಟ್ಟಿಯಾಗುವುದು ರಾತ್ರಿ, ಕೋಳಿ ಕಣ್ಣು ಮುಚ್ಚಿ ಕೂತಿರುವಾಗ. ಆಗ ಗಂಟೆಗೆ ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ರಕ್ತದಿಂದ ಚಿಪ್ಪಿಗೆ ಹೋಗುತ್ತಿರುತ್ತದೆ, ತಟ್ಟೆಯಲ್ಲಿ ಮಾತ್ರ ಏನೂ ಇರುವುದಿಲ್ಲ. ಸಾಯಂಕಾಲ ತಿಂದದ್ದು ಕರುಳಿನಲ್ಲಿ ಉಳಿದಿದ್ದರೆ ಅದರಿಂದ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ತನ್ನ ಮೂಳೆಯಿಂದ. ಮೂಳೆಯ ಒಳಗೆ ಇದಕ್ಕೆಂದೇ ಒಂದು ಸಣ್ಣ ಉಗ್ರಾಣ ಇದೆ. ಅದನ್ನು ಹಗಲು ತುಂಬಿಸದೆ ದಿನಾ ರಾತ್ರಿ ಖಾಲಿ ಮಾಡುತ್ತಾ ಹೋದರೆ ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ ಬರುತ್ತದೆ, ಕೊನೆಗೆ ಕೋಳಿಯ ಕಾಲು ಕುಸಿಯುತ್ತದೆ.

ಈಗ ತೂಕಕ್ಕೆ ಬರೋಣ. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಸಣ್ಣ ಮೈಯ ನಾಟಿ ಕೋಳಿಯಾದರೆ ಇನ್ನೂ ಕಡಿಮೆ, 80–100 ಗ್ರಾಂ. ಅದರ ಹೊಟ್ಟೆಯ ಅಳತೆ ಅಷ್ಟೇ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಲೇಯರ್ ಫೀಡ್‌ನಲ್ಲಿ, ಅಂದರೆ ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಆಹಾರದಲ್ಲಿ, ಪ್ರೋಟೀನ್ ನೂರಕ್ಕೆ 16ರಿಂದ 18, ಕ್ಯಾಲ್ಸಿಯಂ ನೂರಕ್ಕೆ ಮೂರೂವರೆಯಿಂದ ನಾಲ್ಕು ಇರುತ್ತದೆ. 17ರ ಪ್ರೋಟೀನ್ ಇರುವ ಫೀಡನ್ನು 110 ಗ್ರಾಂ ತಿಂದ ಕೋಳಿಗೆ ಸುಮಾರು 18.7 ಗ್ರಾಂ ಪ್ರೋಟೀನ್ ಸಿಕ್ಕಿತು. ಕ್ಯಾಲ್ಸಿಯಂ ನೂರಕ್ಕೆ 3.6 ಇದ್ದರೆ ಹತ್ತಿರ ಹತ್ತಿರ ನಾಲ್ಕು ಗ್ರಾಂ. ತಿಂದ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತುವುದು ಅರ್ಧದಷ್ಟು. ಅಂದರೆ ಎರಡು ಗ್ರಾಂ, ಒಂದು ಚಿಪ್ಪಿಗೆ ಸರಿಯಾಗಿ.

ಅದೇ ಕೋಳಿಗೆ ಪ್ರೀತಿಯಿಂದ ಒಂದು ಹಿಡಿ, ಅಂದರೆ 50 ಗ್ರಾಂ ಅಕ್ಕಿ ನುಚ್ಚು ಹಾಕಿದಿರಿ ಅನ್ನಿ. ಅದು ನುಚ್ಚನ್ನು ಮೊದಲು ತಿನ್ನುತ್ತದೆ. ಆಮೇಲೆ ಫೀಡ್ ತಿನ್ನಲು ಜಾಗ ಉಳಿಯುವುದು 60 ಗ್ರಾಂಗೆ. ಫೀಡ್‌ನಿಂದ 10.2 ಗ್ರಾಂ, ನುಚ್ಚಿನಿಂದ ಮೂರೂವರೆ ನಾಲ್ಕು ಗ್ರಾಂ, ಒಟ್ಟು ಪ್ರೋಟೀನ್ 14 ಗ್ರಾಂ. ಕ್ಯಾಲ್ಸಿಯಂ ನಾಲ್ಕರಿಂದ ಎರಡಕ್ಕೆ ಇಳಿಯಿತು, ಮೈಗೆ ಹತ್ತಿದ್ದು ಒಂದೇ ಗ್ರಾಂ. ಫೀಡಿಗೆ ಪೂರ್ತಿ ದುಡ್ಡು ಕೊಟ್ಟು, ಒಂದು ಹಿಡಿ ನುಚ್ಚಿನಲ್ಲಿ ಅದರ ಫಲ ಅರ್ಧ ಕಳೆದ ಹಾಗಾಯಿತು. ಹಾಗಾಗಿ ತಿಂಡಿ ಯಾವುದೇ ಇರಲಿ, ಕಾಳು, ಅನ್ನ, ಚಪಾತಿ ಚೂರು, ಹಣ್ಣಿನ ಸಿಪ್ಪೆ ಎಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ದಾಟಬಾರದು. ಒಂದು ಕೋಳಿಗೆ ಹತ್ತು ಹನ್ನೆರಡು ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ಅದನ್ನೂ ಸಾಯಂಕಾಲ ಕೊಡಿ, ಹಗಲೆಲ್ಲ ಫೀಡ್ ತಿಂದಾದ ಮೇಲೆ.

ಇಲ್ಲಿ ರಾಗಿಯ ಮಾತು ಹೇಳಲೇಬೇಕು. ನಮ್ಮ ಕಡೆ ರಾಗಿಯ ಮೇಲೆ ನಂಬಿಕೆ ಹೆಚ್ಚು, ಅದು ಸರಿಯಾದ ನಂಬಿಕೆಯೇ. ಧಾನ್ಯಗಳಲ್ಲಿ ಕ್ಯಾಲ್ಸಿಯಂಗೆ ರಾಗಿಯನ್ನು ಮೀರಿಸಿದ್ದಿಲ್ಲ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ದೊಡ್ಡ ಮೊತ್ತ. ಕೋಳಿಗೆ ಬೇಕಾದದ್ದು ಅದೇ 100 ಗ್ರಾಂನಲ್ಲಿ 3,500 ಮಿಲಿಗ್ರಾಂಗೂ ಹೆಚ್ಚು. ಬರೀ ರಾಗಿ ತಿಂದ ಕೋಳಿಗೆ ಬೇಕಾದ್ದರಲ್ಲಿ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತದೆ. ರಾಗಿ ಕೊಡಬೇಡಿ ಎಂದಲ್ಲ. ಮಿಶ್ರಣದಲ್ಲಿ ಒಂದು ಪಾಲಾಗಿ ಅದು ಚೆನ್ನ. ಚಿಪ್ಪಿನ ಜವಾಬ್ದಾರಿಯನ್ನು ಅದರ ಮೇಲೆ ಹೊರಿಸಬೇಡಿ.

ಚಿಪ್ಪಿನ ಜವಾಬ್ದಾರಿ ಹೊರಬೇಕಾದದ್ದು ಕಪ್ಪೆಚಿಪ್ಪಿನ ಚೂರು, ಅಂಗಡಿಯವರು ಶೆಲ್ ಗ್ರಿಟ್ ಎನ್ನುವುದು ಇದನ್ನೇ. ಸುಣ್ಣದ ಕಲ್ಲಿನ ಹರಳೂ ಆದೀತು. ಗಾತ್ರ ಮುಖ್ಯ: ಎರಡರಿಂದ ನಾಲ್ಕು ಮಿಲಿಮೀಟರ್, ಒಡೆದ ಮೆಣಸಿನ ಕಾಳಿನಷ್ಟು ಇರಲಿ. ನುಣ್ಣನೆ ಪುಡಿ ಕೊಟ್ಟರೆ ಒಂದೆರಡು ಗಂಟೆಯಲ್ಲೇ ಕರಗಿ ಮುಂದೆ ಹೋಗುತ್ತದೆ, ರಾತ್ರಿಗೆ ಉಳಿಯುವುದಿಲ್ಲ. ಹರಳಾದರೆ, ಕಾಳು ಅರೆಯುವ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುತ್ತದೆ, ಚಿಪ್ಪು ಕಟ್ಟುವ ಹೊತ್ತಿಗೆ ಸರಿಯಾಗಿ ಒದಗುತ್ತದೆ. ಇದನ್ನು ಅಂಗಡಿಯ ಫೀಡಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆ ಇಡುತ್ತಿರುವ ಕೋಳಿ ಸಾಯಂಕಾಲ ನಾಲ್ಕರ ಮೇಲೆ ತಾನಾಗಿ ಹೋಗಿ ಅದನ್ನು ಹೆಕ್ಕುತ್ತದೆ, ಹುಂಜ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ತನಗೆಷ್ಟು ಬೇಕೆಂದು ಕೋಳಿಗೆ ಗೊತ್ತು.

ಮನೆಯ ಮೊಟ್ಟೆ ಚಿಪ್ಪನ್ನೇ ವಾಪಸ್ ಕೊಡಬಹುದು. ತೊಳೆದು, ಒಳಪೊರೆ ಒಣಗುವ ತನಕ ಬಾಣಲೆಯಲ್ಲಿ ಹುರಿದು, ಮೊಟ್ಟೆಯೆಂದು ಗುರುತೇ ಸಿಗದಷ್ಟು ಸಣ್ಣಗೆ ಕುಟ್ಟಿ ಕೊಡಿ. ಅರ್ಧ ಒಡೆದ ಚಿಪ್ಪನ್ನು ಹಾಗೇ ಎಸೆದರೆ ಕೋಳಿಗೆ ಮೊಟ್ಟೆ ತಿನ್ನುವ ಚಟ ಹತ್ತುತ್ತದೆ, ಹತ್ತಿದ ಮೇಲೆ ಬಿಡಿಸುವುದು ಕಷ್ಟ. ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಎರಡೂ ಬೇಡ. ಅವು ನೀರು ಕುಡಿದ ಸುಣ್ಣ, ಬಾಯಿ ಗಂಟಲು ಸುಡುತ್ತವೆ.

ಕ್ಯಾಲ್ಸಿಯಂ ಕೊಟ್ಟೂ ಚಿಪ್ಪು ತೆಳ್ಳಗಿದ್ದರೆ ಬಿಸಿಲು ನೋಡಿ. ಕರುಳಿನಿಂದ ಕ್ಯಾಲ್ಸಿಯಂ ಒಳಗೆ ಹೋಗಲು ವಿಟಮಿನ್ ಡಿ3 ಬೇಕು. ತಗಡಿನ ಮಾಡಿನಡಿ, ಬಾಲ್ಕನಿಯ ಮೂಲೆಯಲ್ಲಿ ಇಡೀ ದಿನ ಇರುವ ಕೋಳಿಗೆ ಫೀಡ್‌ನಲ್ಲಿರುವುದು ಬಿಟ್ಟು ಬೇರೆ ದಾರಿ ಇಲ್ಲ. ಆ ಫೀಡ್ ನಾಲ್ಕು ತಿಂಗಳು ಹಳೆಯದಾಗಿದ್ದರೆ ಅದರ ವಿಟಮಿನ್ ಬಹಳಷ್ಟು ಕಳೆದುಹೋಗಿರುತ್ತದೆ. ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ.

ಇನ್ನು ಪ್ರೋಟೀನ್. ಅಕ್ಕಿ, ರಾಗಿಯಲ್ಲಿ ನೂರಕ್ಕೆ ಏಳರ ಆಸುಪಾಸು, ಮೆಕ್ಕೆಜೋಳದಲ್ಲಿ ಒಂಬತ್ತು, ತೌಡಿನಲ್ಲಿ ಹನ್ನೆರಡು. ಇವನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೂ 17 ಮುಟ್ಟುವುದಿಲ್ಲ. ಹಿಂಡಿ ಬೇಕೇ ಬೇಕು. ಸೋಯಾ ಹಿಂಡಿಯಲ್ಲಿ 45, ಕಡಲೆಕಾಯಿ ಹಿಂಡಿಯಲ್ಲಿ 40ರ ಮೇಲೆ. ಕಡಲೆಕಾಯಿ ಹಿಂಡಿಯಲ್ಲಿ ಒಂದು ಅಪಾಯ ಇದೆ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಗಾಳಿಯಲ್ಲಿ ಪಸೆ ಇರುತ್ತದೆ, ಹಿಂಡಿಗೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಕೋಳಿಯ ಪಿತ್ತಜನಕಾಂಗಕ್ಕೆ ಹೊಡೆತ. ಮೊಟ್ಟೆ ಇಳಿಯುತ್ತದೆ, ಕೋಳಿ ಸೊರಗುತ್ತದೆ. ಹಿಂಡಿ ಗಂಟುಗಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಬಿಸಿಲಿಗೆ ಹಾಕಿದರೆ, ಬೇಯಿಸಿದರೆ ಬೂಷ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕುವಾಗಲೂ ಕೋಳಿ ಕೆದಕದ ಹಾಗೆ ಮಣ್ಣು ಮುಚ್ಚಿ.

ಬೆಂಗಳೂರಿನವರಿಗೆ ಇರುವ ಒಂದು ಅನುಕೂಲ ರಾಮನಗರ. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಹುಳುವಿನ ಪ್ಯೂಪ, ಅಂದರೆ ಗೂಡಿನೊಳಗಿನ ಹುಳು, ಒಣಗಿಸಿದಾಗ ಅರ್ಧಕ್ಕೂ ಹೆಚ್ಚು ಪ್ರೋಟೀನ್. ಅದರಲ್ಲಿ ಮೆಥಿಯೋನಿನ್ ಕೂಡ ಚೆನ್ನಾಗಿದೆ. ಮೆಥಿಯೋನಿನ್ ಎಂಬುದು ಪ್ರೋಟೀನಿನ ಒಂದು ಇಟ್ಟಿಗೆ. ಧಾನ್ಯ, ಸೋಯಾ ಬೆರೆಸಿದ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಇದೇ, ಇದು ಕಡಿಮೆಯಾದರೆ ಮೊಟ್ಟೆಯ ಗಾತ್ರ ಕುಗ್ಗುತ್ತದೆ, ಕೋಳಿಗಳು ಒಂದರ ಪುಕ್ಕ ಒಂದು ಕಿತ್ತು ತಿನ್ನಲು ಶುರು ಮಾಡುತ್ತವೆ. ಪ್ಯೂಪದ ತೊಂದರೆ ಅದರ ಕೊಬ್ಬು, ಬೇಗ ಕಮಟುತ್ತದೆ. ಚೆನ್ನಾಗಿ ಒಣಗಿದ್ದನ್ನೇ ಕೊಳ್ಳಿ, ಒಟ್ಟು ಆಹಾರದ ನೂರಕ್ಕೆ ಐದು ದಾಟಿಸಬೇಡಿ. ದಾಟಿದರೆ ಮೊಟ್ಟೆಗೇ ವಾಸನೆ ಬರುತ್ತದೆ. ಒಣಮೀನಿಗೂ ಇದೇ ಮಾತು. ಜೊತೆಗೆ ಅದರಲ್ಲಿ ಉಪ್ಪು ಜಾಸ್ತಿ ಇರುತ್ತದೆ, ಉಪ್ಪು ಹಾಕಿ ಒಣಗಿಸಿದ್ದು ಬೇಡ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಸಣ್ಣ ಗಿಡದ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಣಗಿದ ತೂಕದಲ್ಲಿ ಅದರ ಪ್ರೋಟೀನ್ ನೂರಕ್ಕೆ 20ರ ಮೇಲೆ, ನಿಜ. ಆದರೆ ತೊಟ್ಟಿಯಿಂದ ತೆಗೆದ ಹಸಿ ಅಜೋಲಾದಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ನೀರು. 100 ಗ್ರಾಂ ಹಸಿ ಅಜೋಲಾ ತಿಂದ ಕೋಳಿಗೆ ಸಿಗುವುದು ಒಂದೂವರೆ ಗ್ರಾಂ ಪ್ರೋಟೀನ್. ಸೊಪ್ಪಿನ ಬದಲು ಕೊಡಿ, ಹಿಂಡಿಯ ಬದಲು ಬೇಡ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಕುದುರೆಮೆಂತೆ ಕೂಡ ಹೀಗೇ: ವಿಟಮಿನ್‌ಗೆ, ಹಳದಿಯ ಬಣ್ಣಕ್ಕೆ ಬಹಳ ಒಳ್ಳೆಯವು. ಸೊಪ್ಪಿನ ಕಟ್ಟನ್ನು ಕೋಳಿಯ ತಲೆಯ ಎತ್ತರಕ್ಕೆ ದಾರದಲ್ಲಿ ತೂಗುಹಾಕಿದರೆ ಚಿಕ್ಕ ಚಿಕ್ಕದಾಗಿ ಕಿತ್ತು ತಿನ್ನುತ್ತದೆ. ನೆಲಕ್ಕೆ ಹಾಕಿದ ಉದ್ದ ನಾರು ನುಂಗಿ ಗಂಟಲ ಚೀಲ ಕಟ್ಟಿಕೊಳ್ಳುವ ಅಪಾಯ ಇರುವುದಿಲ್ಲ.

ಮನೆಯಲ್ಲೇ ಆಹಾರ ಬೆರೆಸುವವರಿಗೆ 10 ಕೆ.ಜಿ.ಯ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಒಡೆದ ಮೆಕ್ಕೆಜೋಳ 4 ಕೆ.ಜಿ. 600 ಗ್ರಾಂ, ರಾಗಿ 1 ಕೆ.ಜಿ., ತಾಜಾ ತೌಡು 800 ಗ್ರಾಂ, ಸೋಯಾ ಹಿಂಡಿ 2 ಕೆ.ಜಿ., ಕಡಲೆಕಾಯಿ ಹಿಂಡಿ 500 ಗ್ರಾಂ, ಸುಣ್ಣದ ಕಲ್ಲಿನ ಹರಳು ಅಥವಾ ಶೆಲ್ ಗ್ರಿಟ್ 850 ಗ್ರಾಂ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) 150 ಗ್ರಾಂ, ಅಡುಗೆ ಉಪ್ಪು 30 ಗ್ರಾಂ, ಮೆಥಿಯೋನಿನ್ ಪುಡಿ 10 ಗ್ರಾಂ, ಉಳಿದ 60 ಗ್ರಾಂ ಕೋಳಿಗೆಂದೇ ಮಾಡಿದ ವಿಟಮಿನ್–ಖನಿಜ ಮಿಶ್ರಣ. ಈ ಕೊನೆಯದರ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಪೊಟ್ಟಣದ ಮೇಲಿನ ಅಳತೆಯನ್ನೇ ಪಾಲಿಸಿ. ಇದರಲ್ಲಿ ಪ್ರೋಟೀನ್ 17ರ ಹತ್ತಿರ, ಕ್ಯಾಲ್ಸಿಯಂ ಮೂರೂವರೆ ದಾಟುತ್ತದೆ. ಹಿಂಡಿ–ಬೂಸಾ ಅಂಗಡಿಯಲ್ಲಿ ಹಸುವಿಗೆ ಕೊಡುವ ಖನಿಜ ಮಿಶ್ರಣ ತೋರಿಸುತ್ತಾರೆ, ಅದು ಸಾಲದು, ಕೋಳಿಗೆ ಬೇಕಾದ ವಿಟಮಿನ್‌ಗಳು ಅದರಲ್ಲಿ ಇರುವುದಿಲ್ಲ. ಬೆರೆಸುವಾಗ ಉಪ್ಪು, ಮೆಥಿಯೋನಿನ್, ವಿಟಮಿನ್ ಇವನ್ನು ಮೊದಲು ಅರ್ಧ ಕೆ.ಜಿ. ತೌಡಿಗೆ ಕಲಸಿ, ಅದನ್ನು ಎರಡು ಕೆ.ಜಿ. ಜೋಳಕ್ಕೆ, ಆಮೇಲೆ ಪೂರ್ತಿ ರಾಶಿಗೆ. ನೇರವಾಗಿ ಮೇಲೆ ಉದುರಿಸಿದರೆ ಒಂದು ಕೋಳಿಗೆ ಉಪ್ಪೆಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಐದು ಕೋಳಿಗೆ ಇದು 18 ದಿನ ಬರುತ್ತದೆ. ಅದಕ್ಕಿಂತ ಹೆಚ್ಚು ಒಮ್ಮೆಗೆ ಮಾಡಿಡಬೇಡಿ, ತೌಡು ಕಮಟುತ್ತದೆ. ಹಸಿ ಸೋಯಾ ಕಾಳನ್ನು ಬೀಸಿ ಹಾಕಿದರೆ ಹಿಂಡಿಗೆ ಸಮ ಆಗುವುದಿಲ್ಲ. ಶಾಖ ತಾಗದ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ.

ಇಷ್ಟೆಲ್ಲ ಸರಿಯಾಗಿ ಬೆರೆಸಿದ ಮೇಲೂ ಸೋಲುವುದು ತಟ್ಟೆಯ ತಳದಲ್ಲಿ. ಸಾಯಂಕಾಲ ಫೀಡಿನ ತಟ್ಟೆ ಎತ್ತಿ ನೋಡಿ. ಹಳದಿ ಜೋಳದ ಚೂರು ಒಂದೂ ಇರುವುದಿಲ್ಲ, ತಳದಲ್ಲಿ ಬೆರಳ ದಪ್ಪ ಕಂದು ಪುಡಿ ಕೂತಿರುತ್ತದೆ. ವಿಟಮಿನ್, ಉಪ್ಪು, ಮೆಥಿಯೋನಿನ್, ಹಿಂಡಿಯ ಹುಡಿ ಎಲ್ಲ ಇರುವುದು ಆ ಪುಡಿಯಲ್ಲೇ. ಕೋಳಿ ಕೊಕ್ಕಿಗೆ ಸಿಗುವ ಕಾಳನ್ನು ಆರಿಸಿ ತಿಂದು ಪುಡಿ ಬಿಟ್ಟಿದೆ. ಅದರ ಮೇಲೆ ನಾವು ಮತ್ತೆ ಹೊಸ ಫೀಡ್ ಸುರಿಯುತ್ತೇವೆ, ಅದು ಮತ್ತೆ ಜೋಳ ಆರಿಸುತ್ತದೆ. ಪುಡಿ ಮುಗಿಯುವ ತನಕ ಹೊಸದು ಸುರಿಯಬೇಡಿ. ಅಥವಾ ಮಧ್ಯಾಹ್ನ ಆ ಪುಡಿಗೆ ಸ್ವಲ್ಪ ನೀರೋ ಮಜ್ಜಿಗೆಯೋ ಚಿಮುಕಿಸಿ ಉಪ್ಪಿಟ್ಟಿನ ಹದಕ್ಕೆ ಕಲಸಿ ಕೊಡಿ, ಅರ್ಧ ಗಂಟೆಯಲ್ಲಿ ನೆಕ್ಕಿ ಮುಗಿಸುತ್ತವೆ. ಕಲಸಿದ್ದನ್ನು ಸಾಯಂಕಾಲದವರೆಗೆ ಬಿಡಬೇಡಿ, ಹುಳಿಯುತ್ತದೆ.

ಅಂಗಡಿಯ ಚೀಲ ಕೊಳ್ಳುವವರು ಹೆಸರು ಓದಿ ಕೊಳ್ಳಿ. ಬ್ರಾಯ್ಲರ್ ಫಿನಿಶರ್ ಸುಲಭವಾಗಿ ಸಿಗುತ್ತದೆ, ಪ್ರೋಟೀನೂ ಜಾಸ್ತಿ ಇದೆಯಲ್ಲ ಎಂದು ಹಾಕುವವರಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಒಂದರ ಹತ್ತಿರ. ಮಾಂಸ ಬೆಳೆಸಲು ಮಾಡಿದ ಆಹಾರ ಅದು, ಹ್ಯಾಟೆ ಕೊಬ್ಬುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ತಿರುಗಿ ಇನ್ನೊಂದು ತಪ್ಪು: ಲೇಯರ್ ಫೀಡನ್ನು ಮರಿಗಳಿಗೆ ಹಾಕುವುದು. ಮೊಟ್ಟೆ ಇಡದ ಮೈಗೆ ಅಷ್ಟು ಕ್ಯಾಲ್ಸಿಯಂ ಹೋದರೆ ಮೂತ್ರಪಿಂಡ ಕೆಡುತ್ತದೆ. ಮೊದಲ ಮೊಟ್ಟೆ ಕಾಣುವ ತನಕ, ಇಲ್ಲವೇ 18 ವಾರ ತುಂಬುವ ತನಕ ಗ್ರೋಯರ್ ಫೀಡೇ, ಅಂದರೆ ಬೆಳೆಯುವ ಕೋಳಿಯ ಆಹಾರವೇ ಇರಲಿ. ಮರಿ, ಹ್ಯಾಟೆ, ಹುಂಜ ಎಲ್ಲ ಒಂದೇ ಗೂಡಿನಲ್ಲಿದ್ದರೆ ಎಲ್ಲಕ್ಕೂ ಗ್ರೋಯರ್ ಹಾಕಿ, ಶೆಲ್ ಗ್ರಿಟ್ ಬಟ್ಟಲನ್ನು ಬೇರೆ ಇಡಿ. ಬೇಕಾದವು ತಿನ್ನುತ್ತವೆ.

ಅಡುಗೆಮನೆಯಿಂದ ಏನು ಹೋಗಬಾರದು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ. ಬೇಯಿಸದ ರಾಜ್ಮಾ, ಅವರೆಯಂಥ ಒಣಕಾಳು. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸು. ಚಾಕೊಲೇಟು. ಹಳಸಿದ ಅನ್ನ, ಬೂಷ್ಟು ಹಿಡಿದ ಬ್ರೆಡ್ಡು. ಮದುವೆಮನೆಯ ಎಲೆ ಎತ್ತಿದ್ದನ್ನು ತಂದು ಸುರಿಯುವ ಅಭ್ಯಾಸ ಕೆಲವು ಕಡೆ ಇದೆ, ಅದರಲ್ಲಿ ಉಪ್ಪು, ಎಣ್ಣೆ, ಪ್ಲಾಸ್ಟಿಕ್ ಚೂರು ಮೂರೂ ಇರುತ್ತವೆ.

ಕೊಬ್ಬಿದ ಕೋಳಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಪ್ರೀತಿಯಿಂದಲೇ ಬರುವ ಸಾವು. ತಾರಸಿಯ ಸಣ್ಣ ಗೂಡು, ಓಡಾಟ ಇಲ್ಲ, ಅನ್ನ–ಜೋಳ ಬೇಕಾದಷ್ಟು. ಹೆಚ್ಚಿನ ಪಿಷ್ಟ ಕೊಬ್ಬಾಗಿ ಪಿತ್ತಜನಕಾಂಗದಲ್ಲಿ ಕೂರುತ್ತದೆ, ಅದು ಹಳದಿ ಬಣ್ಣಕ್ಕೆ ತಿರುಗಿ ಬೆಣ್ಣೆಯಂತೆ ಪುಡಿಯಾಗುವ ಹದಕ್ಕೆ ಬರುತ್ತದೆ. ಬಿಸಿಲ ದಿನ ಮೊಟ್ಟೆ ಇಡಲು ತಿಣುಕುವಾಗ ಅದು ಒಡೆದು ಒಳಗೇ ರಕ್ತ ಸುರಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ದಪ್ಪ ಕೋಳಿ, ಮಧ್ಯಾಹ್ನ ಬುಟ್ಟಿಯಲ್ಲಿ ಸತ್ತಿರುತ್ತದೆ, ಜುಟ್ಟು ಬಿಳಿಚಿರುತ್ತದೆ. ಹಾವು ಕಚ್ಚಿತು, ಯಾರೋ ವಿಷ ಹಾಕಿದರು ಎನ್ನುತ್ತಾರೆ. ನಿಜವಾದ ಕಾರಣ ತಟ್ಟೆಯಲ್ಲಿತ್ತು.

ಇದನ್ನು ಮೊದಲೇ ಕೈಯಿಂದ ತಿಳಿಯಬಹುದು. ವಾರಕ್ಕೊಮ್ಮೆ ಕತ್ತಲಾದ ಮೇಲೆ, ಕೋಳಿ ಕೋಲಿನ ಮೇಲೆ ಕೂತಾಗ ಒಂದೊಂದನ್ನೇ ಎತ್ತಿಕೊಳ್ಳಿ. ಮೊದಲು ಎದೆಯ ನಡುವಿನ ಮೂಳೆ ಸವರಿ. ಚೂಪಾಗಿ ಚಾಕುವಿನ ಬೆನ್ನಿನಂತೆ ಸಿಕ್ಕಿದರೆ ಕೋಳಿ ಸೊರಗಿದೆ. ಎರಡು ಕಡೆ ಮಾಂಸ ತುಂಬಿ ಮೂಳೆಯ ಏಣು ಮಾತ್ರ ಸಿಕ್ಕಿದರೆ ಸರಿ. ಏಣೇ ಸಿಗದೆ, ಹಿಂಭಾಗದ ಹೊಟ್ಟೆ ಗಟ್ಟಿ ಮೆತ್ತೆಯಂತಿದ್ದರೆ ಕೊಬ್ಬು. ಆಮೇಲೆ ಕತ್ತಿನ ಬುಡದ ಗಂಟಲ ಚೀಲ: ಆ ಹೊತ್ತಿಗೆ ಅದು ತುಂಬಿ, ಒತ್ತಿದರೆ ಹಿಟ್ಟಿನ ಮುದ್ದೆಯಂತೆ ಇರಬೇಕು. ರಾತ್ರಿ ಖಾಲಿ ಇದ್ದರೆ ಬೇರೆ ಕೋಳಿಗಳು ಅದನ್ನು ತಟ್ಟೆಯ ಹತ್ತಿರ ಬಿಡುತ್ತಿಲ್ಲ, ಇನ್ನೊಂದು ತಟ್ಟೆ ಇಡಿ. ಬೆಳಿಗ್ಗೆಯೂ ತುಂಬಿಯೇ ಇದ್ದರೆ ಕಟ್ಟಿಕೊಂಡಿದೆ, ವೈದ್ಯರಿಗೆ ತೋರಿಸಿ. ಕೊನೆಗೆ ಬಾಲದ ಕೆಳಗೆ, ಗುದದ್ವಾರದ ಎರಡು ಪಕ್ಕದಲ್ಲಿ ಎರಡು ಚೂಪು ಮೂಳೆ ತುದಿ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ದ್ವಾರ ಅಗಲವಾಗಿ ಪಸೆಯಾಗಿದ್ದರೆ ಆ ಕೋಳಿ ಮೊಟ್ಟೆ ಇಡುತ್ತಿದೆ. ಬುಟ್ಟಿಯಲ್ಲಿ ಮೊಟ್ಟೆ ಇಲ್ಲವೆಂದರೆ ಎಲ್ಲೋ ಪೊದೆಯಲ್ಲಿ ಇಡುತ್ತಿದೆ, ಅಥವಾ ತಿನ್ನಲಾಗುತ್ತಿದೆ. ಒಂದೇ ಬೆರಳು ಹಿಡಿಸಿದರೆ ಇಡುತ್ತಿಲ್ಲ. ಫೀಡಿಗೆ ಬೈಯುವ ಮೊದಲು ಈ ಪರೀಕ್ಷೆ ಮಾಡಿ.

ನೀರಿಗೆ ಬರೋಣ. ಮೊಟ್ಟೆಯ ಮುಕ್ಕಾಲು ಭಾಗ ನೀರೇ. ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರ್, ಮಾರ್ಚ್‌ನಿಂದ ಮೇ ತನಕ ಅದರ ಎರಡರಷ್ಟು. ಒಂದು ಇಡೀ ಹಗಲು ನೀರಿಲ್ಲದೆ ಕಳೆದರೆ ಮೊಟ್ಟೆ ಹಲವು ದಿನ ನಿಲ್ಲುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಆ ಏದುಸಿರಿನಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಜೊತೆ ಬೇಕಾದ ಕಾರ್ಬೋನೇಟ್ ಬರುವುದು ಅದರಿಂದಲೇ. ಹಾಗಾಗಿ ಏಪ್ರಿಲ್‌ನಲ್ಲಿ ಗ್ರಿಟ್ ಎಷ್ಟೇ ಇಟ್ಟರೂ ಚಿಪ್ಪು ಸ್ವಲ್ಪ ತೆಳ್ಳಗೇ ಬರುತ್ತದೆ. ಆಗ ನೆರಳು, ತಣ್ಣನೆ ನೀರು, ಬೆಳಿಗ್ಗೆ ಆರಕ್ಕೆ ಮತ್ತು ಸಾಯಂಕಾಲ ಐದರ ಮೇಲೆ ಆಹಾರ, ಇವೇ ಔಷಧಿ. ಕಾಂಕ್ರೀಟ್ ತಾರಸಿಯಲ್ಲಿ ಹಸಿರು ಬಲೆಯ ನೆರಳು ಮಾತ್ರ ಸಾಲದು, ನೆಲಕ್ಕೆ ನಾಲ್ಕು ಬೆರಳು ತೆಂಗಿನ ನಾರಿನ ಪುಡಿಯೋ ಹೊಟ್ಟೋ ಹಾಸಿ.

ಬೆಳಕಿನ ಬಗ್ಗೆ ಎರಡೇ ಮಾತು. ಒಳ್ಳೆಯ ಆಹಾರ ತಿಂದ ಹ್ಯಾಟೆಗೂ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬಿದ್ದರೆ ಮೊಟ್ಟೆ ಹೆಚ್ಚು. ಬೆಂಗಳೂರಿನ ಹಗಲು ಜೂನ್‌ನಲ್ಲಿ 13 ಗಂಟೆಗೆ ಸ್ವಲ್ಪ ಕಡಿಮೆ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲರ ಮೇಲೆ. ಚಳಿಗಾಲದಲ್ಲಿ ಮೊಟ್ಟೆ ಇಳಿಯುವುದಕ್ಕೆ ಇದೂ ಒಂದು ಕಾರಣ. ಬೇಕಿದ್ದರೆ ಗೂಡಿಗೆ ಐದು ವ್ಯಾಟಿನ ಹಳದಿ ಎಲ್‌ಇಡಿ ಹಾಕಿ, ಬೆಳಗಿನ ಜಾವ ಹಚ್ಚಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ. ಸಾಯಂಕಾಲ ದೀಪ ಹಚ್ಚಿ ತಟ್ಟನೆ ಆರಿಸಿದರೆ ಕೋಲು ಹತ್ತದ ಕೋಳಿ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗಳು.

"ಸರ್, ನಮ್ಮ ನಾಟಿ ಕೋಳಿಗೆ ಇದೆಲ್ಲ ಕೊಟ್ಟರೆ ದಿನಾ ಮೊಟ್ಟೆ ಇಡುತ್ತಾ?"

ಇಲ್ಲಮ್ಮ. ತಳಿಯ ಮಿತಿಯನ್ನು ಆಹಾರ ದಾಟಿಸುವುದಿಲ್ಲ. ನಾಟಿ ಕೋಳಿ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ವರ್ಷಕ್ಕೆ 50–80 ಮೊಟ್ಟೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಸುಮಾರು 130–150 ಇಡುತ್ತದೆ, ಅಲ್ಲಿಯದೇ ಸ್ವರ್ಣಧಾರ ಅದಕ್ಕಿಂತ ಹೆಚ್ಚು. ಮೊಟ್ಟೆಗೆಂದೇ ಮಾಡಿದ ಬಿವಿ 380ಯಂಥ ಕಂದು ಮೊಟ್ಟೆಯ ಕೋಳಿ 300ರ ಹತ್ತಿರ ಹೋಗುತ್ತದೆ. ಹೆಚ್ಚು ಇಡುವ ತಳಿಗೆ ಆಹಾರದ ಕೊರತೆ ಬೇಗ ತಟ್ಟುತ್ತದೆ. ನಾಟಿ ಕೋಳಿ ಕೊರತೆ ಬಿದ್ದರೆ ಮೊಟ್ಟೆ ನಿಲ್ಲಿಸಿ ತನ್ನ ಮೈ ಉಳಿಸಿಕೊಳ್ಳುತ್ತದೆ, ಬಿವಿ 380 ಮೈ ಕರಗಿಸಿಕೊಂಡಾದರೂ ಇಡುತ್ತಾ ಹೋಗುತ್ತದೆ. ಅದಕ್ಕೆ ನುಚ್ಚು ಹಾಕಿ ಸಾಕುವುದು ಅದರ ಮೂಳೆಯನ್ನೇ ಮೊಟ್ಟೆಯಾಗಿ ತಿಂದಂತೆ.

"ಹಳದಿ ಕೆಂಪಗಿದ್ದರೆ ಮೊಟ್ಟೆಯಲ್ಲಿ ಸತ್ವ ಜಾಸ್ತಿ ಅಲ್ವಾ?"

ಬಣ್ಣ ಬರುವುದು ಹಳದಿ ಜೋಳ, ಸೊಪ್ಪು, ಚೆಂಡುಹೂವಿನ ಎಸಳಿನಿಂದ. ಅಕ್ಕಿ ತಿಂದ ಕೋಳಿಯ ಹಳದಿ ಬಿಳಿಚಿರುತ್ತದೆ, ಆದರೆ ಪ್ರೋಟೀನಿನಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಚಿಪ್ಪಿನ ಬಣ್ಣವಂತೂ ತಳಿಗೆ ಸೇರಿದ್ದು, ಆಹಾರಕ್ಕಲ್ಲ.

"ಪುಕ್ಕ ಎಲ್ಲ ಉದುರಿ ಮೊಟ್ಟೆ ಪೂರ್ತಿ ನಿಂತಿದೆ. ಕ್ಯಾಲ್ಸಿಯಂ ಟಾನಿಕ್ ಕೊಡಲೇ?"

ಬೇಡ. ಅದು ಪುಕ್ಕ ಬದಲಿಸುವ ಕಾಲ, ಎರಡು ಮೂರು ತಿಂಗಳು ಹಿಡಿಯುತ್ತದೆ. ಪುಕ್ಕದ ಬಹುಭಾಗ ಪ್ರೋಟೀನೇ, ಆಗ ಬೇಕಾದದ್ದು ಪ್ರೋಟೀನ್. ಫೀಡಿಗೆ ಸ್ವಲ್ಪ ಹೆಚ್ಚು ಸೋಯಾ ಹಿಂಡಿಯೋ, ಒಣ ಪ್ಯೂಪವೋ ಸೇರಿಸಿ. ಹೊಸ ಪುಕ್ಕ ಮೂಡುವಾಗ ಮುಟ್ಟಿದರೆ ನೋಯುತ್ತದೆ, ಆ ಕೆಲವು ವಾರ ಎತ್ತಿಕೊಳ್ಳುವುದು ಕಡಿಮೆ ಮಾಡಿ.

"ನಿನ್ನೆವರೆಗೂ ಸರಿ ಇತ್ತು, ಇವತ್ತು ಆರೂ ಕೋಳಿ ಸುಕ್ಕು ಮೊಟ್ಟೆ ಇಟ್ಟಿವೆ."

ಒಂದು ಕೋಳಿಯ ಮೊಟ್ಟೆ ಕೆಟ್ಟರೆ ಆ ಕೋಳಿಯನ್ನು ನೋಡಿ. ಎಲ್ಲವೂ ಒಟ್ಟಿಗೆ ಕೆಟ್ಟರೆ ನೀರು, ಹೊಸ ಚೀಲದ ಫೀಡು ಅಥವಾ ರೋಗ. ಜೊತೆಗೆ ಸೀನು, ಹಸಿರು ಹಿಕ್ಕೆ, ಮಂಕು ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ ಪಡಬೇಕು. ಆಹಾರ ಬದಲಿಸುತ್ತಾ ದಿನ ಕಳೆಯಬೇಡಿ, ಅವತ್ತೇ ಪಶುವೈದ್ಯರನ್ನು ಕಾಣಿ.

"ಇವತ್ತಿಂದ ಸರಿಯಾದ ಆಹಾರ ಶುರು ಮಾಡಿದರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?"

ಮೊದಲು ಹಳೆಯದನ್ನು ಒಮ್ಮೆಗೇ ನಿಲ್ಲಿಸಬೇಡಿ, ಒಂದು ವಾರದಲ್ಲಿ ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಬದಲಿಸಿ. ಒಮ್ಮೆಗೇ ಬದಲಿಸಿದರೆ ತಿನ್ನುವುದನ್ನೇ ಬಿಡುತ್ತವೆ. ಗ್ರಿಟ್ ಇಟ್ಟ ಮೂರರಿಂದ ಐದು ದಿನದಲ್ಲಿ ಚಿಪ್ಪು ಗಟ್ಟಿಯಾಗುತ್ತದೆ. ಮೊಟ್ಟೆಯ ಸಂಖ್ಯೆಗೆ ಎರಡು ಮೂರು ವಾರ ಕಾಯಬೇಕು, ಏಕೆಂದರೆ ಇವತ್ತಿನ ಮೊಟ್ಟೆಯ ಹಳದಿ ಹೋದ ವಾರದ ಊಟದಿಂದ ಆದದ್ದು. ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸೊಪ್ಪು ಕೊಡುತ್ತಿದ್ದರೆ ಮೂರು ದಿನಕ್ಕೊಂದು ಮೊಟ್ಟೆ ಬಿಳಿ ತಟ್ಟೆಗೆ ಒಡೆದು ನೋಡಿ. ಹತ್ತನೇ ದಿನದ ಹೊತ್ತಿಗೆ ಹಳದಿ ಪೂರ್ತಿ ಬಣ್ಣ ತಿರುಗಿರುತ್ತದೆ. ನೀವು ಹಾಕಿದ್ದು ಮೊಟ್ಟೆಯೊಳಗೆ ತಲುಪಿದೆ ಎಂಬುದಕ್ಕೆ ಅದೇ ಗುರುತು.